ನಾಲ್ಕೇ ತಿಂಗಳಲ್ಲಿ ಐಪಿಎ ಘಮ ಎಲ್ಲಿಗೆ ಹೋಯಿತು?

ಪ್ರಶ್ನೆ: ಜನವರಿಯಲ್ಲಿ ಸ್ಯಾನ್ ಡಿಯಾಗೋದಿಂದ ಬಂದ ನಮ್ಮ ಭಾವ ಆರು ಕ್ಯಾನ್ ಐಪಿಎ ಬಿಯರ್ ತಂದುಕೊಟ್ಟರು. ಅವತ್ತೇ ಎರಡು ತೆರೆದೆವು. ಮಾವಿನಹಣ್ಣು, ಕಿತ್ತಳೆ ಸಿಪ್ಪೆಯ ಘಮ ಕೋಣೆ ತುಂಬಾ ಹರಡಿತ್ತು. ಉಳಿದ ನಾಲ್ಕನ್ನು ಹುಬ್ಬಳ್ಳಿಯ ನಮ್ಮ ಅಡುಗೆಮನೆ ಕಪಾಟಿನಲ್ಲಿ ಇಟ್ಟಿದ್ದೆ. ಮೇ ತಿಂಗಳಲ್ಲಿ ಒಂದನ್ನು ತೆರೆದರೆ ಬೆಲ್ಲದ ನೀರು ಕುಡಿದ ಹಾಗಿತ್ತು. ಹಾಪ್ಸ್ (ಬಿಯರಿಗೆ ಕಹಿ, ಘಮ ಕೊಡುವ ಹೂವು) ಜಾಸ್ತಿ ಹಾಕಿದ ಬಿಯರ್ ಕೆಡೋದಿಲ್ಲ, ಇಂಡಿಯಾ ಪೇಲ್ ಏಲ್ ಅಂತ ಹೆಸರು ಬಂದದ್ದೇ ಅದು ತಿಂಗಳುಗಟ್ಟಲೆ ಹಡಗಿನಲ್ಲಿ ಇಂಡಿಯಾಕ್ಕೆ ಬರುತ್ತಿದ್ದದ್ದರಿಂದ ಅಂತ ಓದಿದ್ದೇನೆ. ಹಾಗಿದ್ರೆ ನನ್ನ ಕ್ಯಾನ್ ಯಾಕೆ ಹೀಗಾಯಿತು? ಉಳಿದ ಮೂರನ್ನು ಕುಡಿಯಬಹುದಾ? ವೈನ್ ಥರ ಇನ್ನೊಂದೆರಡು ವರ್ಷ ಇಟ್ಟರೆ ಮಾಗುತ್ತದಾ?

ಉತ್ತರ: ಮೊದಲು ಅವಸರದ ಪ್ರಶ್ನೆಗಳಿಗೆ ಉತ್ತರ ಹೇಳಿಬಿಡುತ್ತೇನೆ. ಉಳಿದ ಮೂರು ಕ್ಯಾನ್ ಕುಡಿಯಬಹುದು. ಬಿಯರಿನಲ್ಲಿ ಆಲ್ಕೋಹಾಲ್ ಇದೆ, ಹುಳಿ ಇದೆ, ಹಾಪ್ಸಿನ ಕಹಿ ಇದೆ. ಕಾಯಿಲೆ ತರುವಂಥ ಬ್ಯಾಕ್ಟೀರಿಯಾ ಅದರಲ್ಲಿ ಬೆಳೆಯೋದಿಲ್ಲ. ಹಾಗಾಗಿ ಹಳೆಯದಾಯಿತು ಅನ್ನೋ ಕಾರಣಕ್ಕೆ ಹೆದರಬೇಕಾಗಿಲ್ಲ. ಆದರೆ ಇನ್ನೆರಡು ವರ್ಷ ಇಡಬೇಡಿ. ಇದು ಮಾಗುವ ಬಿಯರ್ ಅಲ್ಲ, ಬಾಡುವ ಬಿಯರ್. ಮಲ್ಲಿಗೆ ಮಾಲೆಯನ್ನು ನಾಳೆಗೆ ಇನ್ನೂ ಘಮ್ಮೆನ್ನಲಿ ಅಂತ ಯಾರೂ ಎತ್ತಿಡೋದಿಲ್ಲ, ಅಲ್ವಾ?

ಇನ್ನು ಮುಖ್ಯ ಪ್ರಶ್ನೆ. ನೀವು ಓದಿದ್ದು ಸುಳ್ಳಲ್ಲ. ಹಾಪ್ಸ್ ಬಿಯರನ್ನು ಕಾಯುತ್ತದೆ. ಆದರೆ ಕಾಯೋದು ಬ್ಯಾಕ್ಟೀರಿಯಾದಿಂದ. ಗಾಳಿಯಿಂದ ಕಾಯೋದಿಲ್ಲ, ಸೆಕೆಯಿಂದ ಕಾಯೋದಿಲ್ಲ. ನಿಮ್ಮ ಕ್ಯಾನಿನೊಳಗೆ ಬ್ಯಾಕ್ಟೀರಿಯಾ ಏನೂ ಮಾಡಿಲ್ಲ. ಗಾಳಿ ಮತ್ತು ಸೆಕೆ ಸೇರಿ ಮಾಡಿದ ಕೆಲಸ ಅದು.

ಒಣಗಿದ ಒಂದು ಹಾಪ್ ಹೂವನ್ನು ಉದ್ದಕ್ಕೆ ಸೀಳಿ ನೋಡಿದರೆ ವಿಷಯ ಬೇಗ ಅರ್ಥವಾಗುತ್ತದೆ. ಎಸಳುಗಳ ಬುಡದಲ್ಲಿ ಅರಿಶಿನ ಉದುರಿಸಿದ ಹಾಗೆ ಹಳದಿ ಪುಡಿ ಕೂತಿರುತ್ತದೆ. ಅದರ ಹೆಸರು ಲುಪುಲಿನ್. ಬೆರಳಲ್ಲಿ ತಿಕ್ಕಿದರೆ ಹಲಸಿನ ಮೇಣದ ಹಾಗೆ ಅಂಟುತ್ತದೆ, ಜೊತೆಗೇ ಘಮ ಏಳುತ್ತದೆ. ಆ ಅಂಟೇ ಒಂದು, ಆ ಘಮವೇ ಇನ್ನೊಂದು. ಅಂಟಿನಲ್ಲಿರೋದು ಆಲ್ಫಾ ಆಸಿಡ್. ಅದನ್ನು ಬಾರ್ಲಿ ರಸದ ಜೊತೆ ಒಂದು ಗಂಟೆ ಕುದಿಸಿದರೆ ಐಸೋ ಆಲ್ಫಾ ಆಸಿಡ್ ಆಗಿ ರೂಪ ಬದಲಿಸಿ ಬಿಯರಿಗೆ ಕಹಿ ಕೊಡುತ್ತದೆ. ಬಿಯರನ್ನು ಹುಳಿಯಾಗಿಸುವ ಲ್ಯಾಕ್ಟೋಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾಗಳನ್ನು ತಡೆಯೋದೂ ಈ ಕಹಿಯೇ. ಘಮ ಇರೋದು ಎಣ್ಣೆಯಲ್ಲಿ. ಕುದಿಸಿದರೆ ಅದು ಹಬೆಯ ಜೊತೆ ಹಾರಿಹೋಗುತ್ತದೆ. ಅದಕ್ಕೇ ಘಮ ಬೇಕೆನ್ನುವ ಬ್ರೂವರ್‌ಗಳು ಒಲೆ ಆರಿದ ಮೇಲೆ, ಬಿಯರ್ ಹುದುಗುವಾಗ ಅಥವಾ ಹುದುಗಿ ಮುಗಿದ ಮೇಲೆ ಇನ್ನಷ್ಟು ಹಾಪ್ಸ್ ಸುರಿಯುತ್ತಾರೆ. ಹೀಗೆ ಹುದುಗುವಾಗ ಅಥವಾ ಆಮೇಲೆ ಸುರಿಯೋದನ್ನು ಡ್ರೈ ಹಾಪಿಂಗ್ ಅನ್ನುತ್ತೇವೆ.

ಕಾಫಿಪುಡಿಯನ್ನು ನೆನಪು ಮಾಡಿಕೊಳ್ಳಿ. ಅಂಗಡಿಯಲ್ಲಿ ಬೀಸಿಸಿ ತಂದ ದಿನ ಇಡೀ ಬೀದಿಗೆ ಘಮ. ಡಬ್ಬದ ಮುಚ್ಚಳ ಸಡಿಲ ಬಿಟ್ಟರೆ ತಿಂಗಳಿಗೆ ಘಮ ಹೋಗುತ್ತದೆ, ಡಿಕಾಕ್ಷನ್ ಮಾತ್ರ ಕಹಿಯಾಗೇ ಇಳಿಯುತ್ತದೆ. ಬಿಯರಿನಲ್ಲೂ ಅಷ್ಟೇ. ಘಮದ ಆಯಸ್ಸು ಬೇರೆ, ಕಹಿಯ ಆಯಸ್ಸು ಬೇರೆ.

ಹಡಗಿನಲ್ಲಿ ಬಂದ ಆ ಹಳೆಯ ಬಿಯರ್ ಕಹಿಯನ್ನು ನಂಬಿಕೊಂಡಿತ್ತು. ಲಂಡನ್ನಿನ ಪೂರ್ವಕ್ಕಿದ್ದ ಬೋ ಬ್ರೂವರಿಯಿಂದ ಜಾರ್ಜ್ ಹಾಡ್ಜ್‌ಸನ್ ಕಳಿಸುತ್ತಿದ್ದ ಬಿಯರ್ ಈಸ್ಟ್ ಇಂಡಿಯಾ ಕಂಪನಿಯ ಹಡಗು ಹತ್ತಿ, ಆಫ್ರಿಕಾದ ತುದಿ ಸುತ್ತಿಕೊಂಡು, ಸಮಭಾಜಕ ವೃತ್ತವನ್ನು ಎರಡು ಸಲ ದಾಟಿ ಕಲ್ಕತ್ತಾ, ಮದ್ರಾಸು, ಮುಂಬೈಗೆ ಬರುತ್ತಿತ್ತು. ನಾಲ್ಕರಿಂದ ಆರು ತಿಂಗಳ ಪಯಣ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ, ಅದಕ್ಕೂ ಮುಂಚಿನ ಮಾತು ಇದು. 1820ರ ದಶಕದಲ್ಲಿ ಇಂಗ್ಲೆಂಡಿನ ಬರ್ಟನ್ ಊರಿನ ಆಲ್‌ಸಾಪ್, ಬಾಸ್ ಮುಂತಾದ ಬ್ರೂವರಿಗಳವರು ಈ ವ್ಯಾಪಾರಕ್ಕೆ ಇಳಿದರು. ಅವರೆಲ್ಲ ಹಾಪ್ಸನ್ನು ಧಾರಾಳವಾಗಿ ಹಾಕುತ್ತಿದ್ದರು. ಮರದ ಪೀಪಾಯಿಯೊಳಗೂ ಒಂದಿಷ್ಟು ತುರುಕುತ್ತಿದ್ದರು. ದಾರಿಯಲ್ಲಿ ಹುಳಿಯಾಗದೆ ತಲುಪಲಿ ಅನ್ನೋದೇ ಅವರ ಆಸೆ.

ತಲುಪಿದ ಬಿಯರಿನಲ್ಲಿ ತಾಜಾ ಹಾಪ್ಸಿನ ಘಮ ಇರಬೇಕು ಅಂತ ಯಾರೂ ಬಯಸಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಮೊದಲಿನ ಒರಟು ಕಹಿ ಇಳಿದು ಹದವಾದ, ತಿಳಿಯಾದ, ಸಿಹಿ ಉಳಿಯದ ಒಣ ರುಚಿಯ ಬಿಯರ್. ಪೀಪಾಯಿಯ ಮರದೊಳಗೆ ಬ್ರೆಟ್ಟನೊಮೈಸಿಸ್ ಅನ್ನೋ ಕಾಡು ಈಸ್ಟ್ ಮನೆ ಮಾಡಿಕೊಂಡಿರುತ್ತಿತ್ತು. ಅದು ನಿಧಾನವಾಗಿ ಉಳಿದ ಸಕ್ಕರೆಯನ್ನೂ ತಿನ್ನುತ್ತಿತ್ತು, ಸೋರಿ ಬಂದ ಆಮ್ಲಜನಕವನ್ನೂ ತಿನ್ನುತ್ತಿತ್ತು. ಅಂದರೆ ಆ ಬಿಯರಿಗೆ ವಯಸ್ಸಾಗುವುದು ತಯಾರಿಕೆಯ ಒಂದು ಭಾಗವೇ ಆಗಿತ್ತು. ಹೆಸರು ಒಂದೇ ಇದೆ ಅಂತ ನಿಮ್ಮ ಭಾವ ತಂದ ಕ್ಯಾನನ್ನು ಅದಕ್ಕೆ ಹೋಲಿಸಲು ಬರೋದಿಲ್ಲ.

ಇವತ್ತಿನ ಅಮೆರಿಕನ್ ಐಪಿಎ ನಿಂತಿರೋದು ಘಮದ ಮೇಲೆ. ಆ ಘಮದಲ್ಲಿ ಏನೇನಿದೆ ಅಂತ ನೋಡಿದರೆ ನಮ್ಮ ಅಡುಗೆಮನೆಯೇ ಕಾಣುತ್ತದೆ. ಮೈರ್ಸೀನ್ ಅನ್ನೋ ಎಣ್ಣೆ ಮಾವಿನಲ್ಲೂ ಇದೆ. ಲಿನಾಲೂಲ್ ಕೊತ್ತಂಬರಿ ಬೀಜದ ಮುಖ್ಯ ಘಮ. ಕ್ಯಾರಿಯೋಫಿಲೀನ್ ಕಾಳುಮೆಣಸು, ಲವಂಗದಲ್ಲಿದೆ. ಜೆರಾನಿಯಾಲ್ ಗುಲಾಬಿಯದ್ದು. ಇವೆಲ್ಲಕ್ಕಿಂತ ನಾಜೂಕಾದವು ಥಯಾಲ್‌ಗಳು, ಅಂದರೆ ಗಂಧಕ ಸೇರಿದ ಘಮದ ವಸ್ತುಗಳು. ಸೀಬೆಹಣ್ಣು, ಪ್ಯಾಶನ್ ಫ್ರೂಟ್, ಚಕ್ಕೋತದ ಘಮ ಕೊಡೋದು ಇವು. ಸಿಟ್ರಾ, ಸಿಮ್ಕೋ, ಮೊಸಾಯಿಕ್ ತಳಿಯ ಹಾಪ್ಸ್ ಇವತ್ತು ಇಷ್ಟು ಹೆಸರು ಮಾಡಿರೋದರಲ್ಲಿ ಥಯಾಲ್‌ಗಳ ಪಾಲು ದೊಡ್ಡದು. ಕೆಲವು ಥಯಾಲ್‌ಗಳು ಒಂದು ಲೀಟರ್ ಬಿಯರಿನಲ್ಲಿ ಗ್ರಾಮಿನ ನೂರು ಕೋಟಿ ಭಾಗದಲ್ಲಿ ಒಂದೆರಡು ಭಾಗ ಇದ್ದರೂ ಮೂಗಿಗೆ ಗೊತ್ತಾಗುತ್ತವೆ. ಇರೋದೇ ಅಷ್ಟು ಕಮ್ಮಿ. ಅದರಲ್ಲಿ ಸ್ವಲ್ಪ ಹೋದರೂ ಎದ್ದು ಕಾಣುತ್ತದೆ.

ಆಮ್ಲಜನಕ ಸಿಕ್ಕರೆ ಥಯಾಲ್‌ಗಳು ಬೇಗ ಕಳೆದುಹೋಗುತ್ತವೆ. ಮೊದಲ ಕೆಲವು ವಾರಗಳಲ್ಲೇ ಐಪಿಎ ಮಂಕಾಯಿತು ಅನ್ನಿಸೋದು ಹೀಗೆ. ಮೈರ್ಸೀನ್ ಕೂಡ ಹಿಂದೆಯೇ ಹೋಗುತ್ತದೆ. ಅದು ನೀರಿನ ಜೊತೆ ಹೊಂದಿಕೊಳ್ಳದ ಎಣ್ಣೆ. ಬಾಟಲಿಯಾದರೆ ಮುಚ್ಚಳದ ಒಳಗಿನ ಪ್ಲಾಸ್ಟಿಕ್ ಪದರವೇ ಅದನ್ನು ಹೀರಿಕೊಳ್ಳುತ್ತದೆ. ಲಿನಾಲೂಲ್ ಮಾತ್ರ ಗಟ್ಟಿ, ಬಹಳ ದಿನ ಉಳಿಯುತ್ತದೆ. ಹಳೆಯ ಐಪಿಎಯಲ್ಲಿ ಹಣ್ಣು ಮಾಯವಾಗಿ, ಯಾವುದೋ ಹೂವಿನ ತೆಳು ಘಮ ಮಾತ್ರ ಉಳಿಯೋದಕ್ಕೆ ಇದೂ ಒಂದು ಕಾರಣ.

ಮುಚ್ಚಿದ ಕ್ಯಾನಿಗೆ ಆಮ್ಲಜನಕ ಎಲ್ಲಿಂದ ಬಂತು ಅಂತ ನೀವು ಕೇಳಬಹುದು. ತುಂಬುವಾಗಲೇ ಒಳಗೆ ಹೋಗಿರುತ್ತದೆ. ಒಳ್ಳೆಯ ಬ್ರೂವರಿಗಳು ಒಂದು ಲೀಟರಿಗೆ 0.05 ಮಿಲಿಗ್ರಾಂಗಿಂತ ಕಮ್ಮಿ ಆಮ್ಲಜನಕ ಇರಬೇಕು ಅಂತ ಗುರಿ ಇಟ್ಟುಕೊಳ್ಳುತ್ತವೆ. 500 ಮಿಲಿಲೀಟರ್ ಕ್ಯಾನಿಗೆ ಲೆಕ್ಕ ಹಾಕಿ ನೋಡಿ. ಎರಡು ಹನಿ ನೀರು ಎಷ್ಟು ಜಾಗ ತಗೊಳ್ಳುತ್ತದೋ ಅಷ್ಟು ಜಾಗದ ಗಾಳಿ. ಅದಕ್ಕಿಂತ ಜಾಸ್ತಿ ಸೇರಿದರೆ ಗುರಿ ತಪ್ಪಿತು. ನಮ್ಮ ಬ್ರೂವರಿಯಲ್ಲಿ ಕ್ಯಾನ್ ತುಂಬುವಾಗ ಮೊದಲು ಇಂಗಾಲದ ಡೈಆಕ್ಸೈಡ್ ಊದಿ ಗಾಳಿಯನ್ನು ಓಡಿಸುತ್ತೇವೆ. ಆಮೇಲೆ ನೊರೆ ಕ್ಯಾನಿನ ಬಾಯಿಯವರೆಗೂ ಉಕ್ಕುವಂತೆ ಮಾಡಿ, ಆ ನೊರೆಯ ಮೇಲೆಯೇ ಮುಚ್ಚಳ ಕೂರಿಸುತ್ತೇವೆ. ನೊರೆ ಒಂದು ಬೆರಳು ಕೆಳಗಿಳಿದರೆ ಆ ಕ್ಯಾನನ್ನು ಪಕ್ಕಕ್ಕೆ ಎತ್ತಿಡುತ್ತೇವೆ. ನೋಡಿದವರಿಗೆ ಇದು ಅತಿ ಅನ್ನಿಸಬಹುದು. ಆರು ವಾರ ಬಿಟ್ಟು ಆ ಕ್ಯಾನ್ ತೆರೆದು ಮೂಸಿದವರು ಹಾಗೆ ಅನ್ನೋದಿಲ್ಲ.

ಇನ್ನೊಂದು ಸಂಗತಿ. ಹಾಪ್ಸಿನಲ್ಲಿ ಮ್ಯಾಂಗನೀಸ್ ಇದೆ. ಡ್ರೈ ಹಾಪಿಂಗ್ ಮಾಡಿದಾಗ ಅದು ಬಿಯರಿಗೆ ಇಳಿದು, ಆಮ್ಲಜನಕದ ಕೆಲಸಕ್ಕೆ ಇನ್ನಷ್ಟು ವೇಗ ಕೊಡುತ್ತದೆ. ಅಂದರೆ ಹಾಪ್ಸ್ ಜಾಸ್ತಿ ಸುರಿದಷ್ಟೂ ಘಮ ಜಾಸ್ತಿ, ಅದನ್ನು ಕಳೆದುಕೊಳ್ಳುವ ದಾರಿಯೂ ಜಾಸ್ತಿ. ಕಿತ್ತಳೆ ಜ್ಯೂಸಿನಂತೆ ಮಬ್ಬಾಗಿ ಕಾಣುವ ಹೇಜಿ ಐಪಿಎಗಳು ಎಲ್ಲಕ್ಕಿಂತ ಬೇಗ ಸೊರಗೋದು ಇದೇ ಕಾರಣಕ್ಕೆ. ಅವು ಬಣ್ಣವನ್ನೂ ಬಿಡುತ್ತವೆ. ಹೊಂಬಣ್ಣ ಹೋಗಿ ಬೂದು ಕಲೆಸಿದ ಕಂದು ಬರುತ್ತದೆ. ಹೆಚ್ಚಿಟ್ಟ ಬಾಳೆಕಾಯಿ ಕಪ್ಪಾದ ಹಾಗೆ.

ಈಗ ಬೆಲ್ಲದ ನೀರಿನ ವಿಷಯ. ನಿಮ್ಮ ಕ್ಯಾನಿನಲ್ಲಿ ಒಂದು ಕಾಳಷ್ಟೂ ಸಕ್ಕರೆ ಹೆಚ್ಚಿಲ್ಲ. ತಾಜಾ ಇದ್ದಾಗ ಹಾಪ್ಸಿನ ಘಮ ಮತ್ತು ಚುರುಕು ಕಹಿ ಬಾರ್ಲಿಯ ಸಿಹಿಯನ್ನು ಮುಚ್ಚಿಟ್ಟಿದ್ದವು. ಹೊದಿಕೆ ಜಾರಿತು, ಸಿಹಿ ಕಂಡಿತು. ಅದರ ಜೊತೆಗೆ ಹೊಸ ರುಚಿಗಳೂ ಹುಟ್ಟುತ್ತವೆ. ಬಾರ್ಲಿಯಿಂದ ಬಂದ ಅಮೈನೋ ಆಸಿಡ್‌ಗಳಿಂದ ಆಲ್ಡಿಹೈಡ್ ಅನ್ನೋ ವಾಸನೆಯ ವಸ್ತುಗಳು ಆಗುತ್ತವೆ. ಒಂದು ಜೇನಿನ ಹಾಗೆ, ಒಂದು ಬೇಯಿಸಿದ ಆಲೂಗಡ್ಡೆಯ ಹಾಗೆ. ಬೀಟಾ ಡಮಾಸ್ಸಿನೋನ್ ಅನ್ನೋದು ಏರಿದಂತೆ ಬೇಯಿಸಿದ ಹಣ್ಣಿನ, ಜಾಮಿನ ವಾಸನೆ. ಇನ್ನೂ ಮುಂದೆ ಹೋದರೆ ಟ್ರಾನ್ಸ್-2-ನೊನೆನಾಲ್. ಮಳೆಯಲ್ಲಿ ನೆನೆದ ರಟ್ಟಿನ ಪೆಟ್ಟಿಗೆಯ ವಾಸನೆ ಅದು. 1977ರಲ್ಲಿ ಡಾಲ್ಗ್ಲೀಷ್ ಎಂಬ ವಿಜ್ಞಾನಿ ಬಿಯರ್ ಹಳತಾಗುವಾಗ ಯಾವ ರುಚಿ ಇಳಿಯುತ್ತದೆ, ಯಾವುದು ಏರುತ್ತದೆ ಅಂತ ಒಂದು ಚಿತ್ರ ಬರೆದರು. ಕಹಿ ಇಳಿಯುತ್ತಾ ಹೋಗುತ್ತದೆ, ಟಾಫಿಯಂಥ ಸಿಹಿ ಏರುತ್ತದೆ, ರಟ್ಟಿನ ವಾಸನೆಯೂ ಏರುತ್ತದೆ. ಬ್ರೂವಿಂಗ್ ಕಲಿಯುವವರು ಈಗಲೂ ಆ ಚಿತ್ರವನ್ನು ನೋಡುತ್ತಾರೆ. ನೀವು ಕುಡಿದದ್ದು ಆ ಗೆರೆಗಳ ನಡುವಿನ ಒಂದು ಜಾಗ, ಟಾಫಿಯ ಗೆರೆ ಮೇಲಿದ್ದ ಕಡೆ.

ಕಹಿ ಬರೀ ಕಮ್ಮಿಯಾಗೋದಿಲ್ಲ, ಅದರ ಗುಣವೂ ಬದಲಾಗುತ್ತದೆ. ಐಸೋ ಆಲ್ಫಾ ಆಸಿಡ್‌ಗಳಲ್ಲಿ ಸಿಸ್, ಟ್ರಾನ್ಸ್ ಅಂತ ಎರಡು ಬಗೆ. ಟ್ರಾನ್ಸ್ ಬೇಗ ಒಡೆಯುತ್ತದೆ. ಸಿಸ್ ನಿಧಾನ. ಲ್ಯಾಬಿನಲ್ಲಿ ಇವೆರಡರ ಪ್ರಮಾಣ ಅಳೆದು ಬಿಯರ್ ಎಷ್ಟು ಹಳತಾಗಿದೆ ಅಂತ ಅಂದಾಜು ಮಾಡುತ್ತಾರೆ. ಬಾಯಿಗೆ ಗೊತ್ತಾಗೋದು ಹೀಗೆ: ತಾಜಾ ಐಪಿಎಯ ಕಹಿ ಹಾಗಲಕಾಯಿ ಪಲ್ಯದ ಹಾಗೆ ಥಟ್ಟನೆ ಬಂದು ಥಟ್ಟನೆ ಹೋಗುತ್ತದೆ, ಇನ್ನೊಂದು ಗುಟುಕು ಬೇಕು ಅನ್ನಿಸುತ್ತದೆ. ಹಳೆಯದರ ಕಹಿ ತಡವಾಗಿ ಬಂದು ನಾಲಿಗೆಯ ಹಿಂಭಾಗದಲ್ಲಿ ಕೂತುಬಿಡುತ್ತದೆ, ಒಗರಿನ ಜೊತೆ.

ಇಷ್ಟೆಲ್ಲಕ್ಕೂ ಬೆಂಕಿ ಹಚ್ಚೋದು ಸೆಕೆ. ಬಿಯರಿನವರ ಬಾಯಲ್ಲಿ 3-30-300 ಅಂತ ಒಂದು ಸೂತ್ರ ಇದೆ. 32 ಡಿಗ್ರಿ ಸೆಲ್ಸಿಯಸ್‌ನಲ್ಲಿ 3 ದಿನ, 22 ಡಿಗ್ರಿಯಲ್ಲಿ 30 ದಿನ, 3 ಡಿಗ್ರಿಯಲ್ಲಿ 300 ದಿನ ಇಟ್ಟರೆ ಬಿಯರ್ ಹೆಚ್ಚುಕಮ್ಮಿ ಒಂದೇ ಅಷ್ಟು ಹಳತಾಗುತ್ತದೆ ಅಂತ. ಇದು ಕರಾರುವಾಕ್ಕಾದ ಲೆಕ್ಕ ಅಲ್ಲ, ನೆನಪಿಟ್ಟುಕೊಳ್ಳೋಕೆ ಮಾಡಿದ್ದು. ರಸಾಯನಶಾಸ್ತ್ರದ ಪ್ರಕಾರ 10 ಡಿಗ್ರಿ ಏರಿದಾಗ ಇಂಥ ಬದಲಾವಣೆಗಳ ವೇಗ ಸುಮಾರು ಎರಡರಿಂದ ಮೂರು ಪಟ್ಟು ಆಗುತ್ತದೆ. ಯಾವ ಲೆಕ್ಕ ಹಿಡಿದರೂ ಹುಬ್ಬಳ್ಳಿಯ ಮಾರ್ಚ್, ಏಪ್ರಿಲ್, ಮೇ ತಿಂಗಳನ್ನು ಒಲೆ ಇರುವ ಕೋಣೆಯ ಕಪಾಟಿನಲ್ಲಿ ಕಳೆದ ಐಪಿಎಗೆ ಉಳಿಗಾಲ ಇಲ್ಲ.

ನಮ್ಮಲ್ಲಿ ಪ್ರತಿ ಬ್ಯಾಚಿನಿಂದ ಒಂದಷ್ಟು ಕ್ಯಾನ್ ಎತ್ತಿಡುತ್ತೇವೆ. ಅರ್ಧ ಕೋಲ್ಡ್ ರೂಮಿನಲ್ಲಿ, ಅರ್ಧ ಹೊರಗೆ ಕಚೇರಿಯ ಕಪಾಟಿನಲ್ಲಿ. ಹೋದ ಬೇಸಿಗೆಯಲ್ಲಿ ಆರು ವಾರ ಆದ ಮೇಲೆ ಎರಡನ್ನೂ ಒಂದೇ ಥರ ತಣ್ಣಗೆ ಮಾಡಿ, ಒಂದೇ ಥರದ ಗ್ಲಾಸಿಗೆ ಸುರಿದು ಪಕ್ಕಪಕ್ಕ ಇಟ್ಟೆವು. ತಣ್ಣಗಿದ್ದದ್ದು ಹೊಂಬಣ್ಣ, ನೊರೆ ಬೆಳ್ಳಗೆ. ಮೂಗಿನ ಹತ್ತಿರ ತರುವ ಮೊದಲೇ ಸೀಬೆಹಣ್ಣು. ಹೊರಗಿದ್ದದ್ದು ಒಂದು ಛಾಯೆ ಕಪ್ಪು. ಮೂಗನ್ನು ಗ್ಲಾಸಿನೊಳಗೆ ಇಟ್ಟರೆ ಜೇನು, ಆಮೇಲೆ ಒಣದ್ರಾಕ್ಷಿ, ತಳದಲ್ಲಿ ಹಳೆಯ ಪುಸ್ತಕ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಎರಡೂ ಬೇರೆ ಬೇರೆ ಬಿಯರ್ ಅಂತಲೇ ತಿಳಿದಿದ್ದಳು. ಒಂದೇ ಟ್ಯಾಂಕಿನದು ಅಂತ ತೋರಿಸೋಕೆ ಕ್ಯಾನಿನ ತಳದ ಬ್ಯಾಚ್ ನಂಬರ್ ಓದಿಸಬೇಕಾಯಿತು. ಆ ಟ್ಯಾಂಕಿನ ಬಿಯರಿಗೆ ನಾವು ಮೂರು ವಾರ ದುಡಿದಿದ್ದೆವು. ಅಂಗಡಿಯ ಕಪಾಟಿನಲ್ಲಿ ಇದೇ ಗತಿ ಆಗುತ್ತಿರುತ್ತದೆ ಅಂದುಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಬೆಳಕಿನ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ, ನಿಮ್ಮದು ಕ್ಯಾನ್ ಆದ್ದರಿಂದ ಆ ತೊಂದರೆ ಇರಲಿಲ್ಲ. ಹಸಿರು ಅಥವಾ ಬಣ್ಣವಿಲ್ಲದ ಬಾಟಲಿಯ ಬಿಯರ್ ಬಿಸಿಲಿಗೆ ಬಿದ್ದರೆ ಹಾಪ್ಸಿನ ಕಹಿಯ ತುಣುಕೊಂದು ಒಡೆದು ಗಂಧಕದ ಜೊತೆ ಸೇರಿ ಸುಟ್ಟ ರಬ್ಬರಿನಂಥ ನಾತ ಬರುತ್ತದೆ. ಅಮೆರಿಕದವರು ಇದನ್ನು ಸ್ಕಂಕ್ ಎಂಬ ಪ್ರಾಣಿಯ ವಾಸನೆಗೆ ಹೋಲಿಸುತ್ತಾರೆ. ಇದಕ್ಕೆ ತಿಂಗಳು ಬೇಡ, ಗ್ಲಾಸನ್ನು ನೇರ ಬಿಸಿಲಲ್ಲಿಟ್ಟರೆ ಕೆಲವು ನಿಮಿಷ ಸಾಕು. ಕಂದು ಬಾಟಲಿ ಬಹಳ ಮಟ್ಟಿಗೆ ತಡೆಯುತ್ತದೆ, ಕ್ಯಾನ್ ಪೂರ್ತಿ ತಡೆಯುತ್ತದೆ. ತಣ್ಣಗಿದ್ದ ಬಿಯರ್ ಒಮ್ಮೆ ಬೆಚ್ಚಗಾಗಿ ಮತ್ತೆ ತಣ್ಣಗಾದರೆ ಈ ನಾತ ಬರುತ್ತದೆ ಅನ್ನೋ ಮಾತು ತಪ್ಪು. ಬೆಚ್ಚಗೆ ಕಳೆದ ಒಟ್ಟು ಹೊತ್ತು ಎಷ್ಟು ಅನ್ನೋದಷ್ಟೇ ಲೆಕ್ಕ.

ಹಾಗಾದರೆ ಹಾಪ್ಸ್ ಇರುವ ಯಾವ ಬಿಯರೂ ಮಾಗೋದೇ ಇಲ್ವಾ ಅಂದರೆ, ಇದೆ. ನನಗೆ ಬಹಳ ಇಷ್ಟದ್ದು ಬೆಲ್ಜಿಯಂನ ಓರ್ವಾಲ್. ಅಲ್ಲಿನ ಸನ್ಯಾಸಿಗಳ ಮಠದಲ್ಲಿ 1931ರಿಂದ ಬ್ರೂವರಿ ಇದೆ. ಅವರು ಡ್ರೈ ಹಾಪಿಂಗ್ ಮಾಡಿದ ಬಿಯರಿಗೆ ಬಾಟಲಿ ತುಂಬುವಾಗ ಬ್ರೆಟ್ಟನೊಮೈಸಿಸ್ ಈಸ್ಟ್ ಸೇರಿಸುತ್ತಾರೆ. ಎಳೆಯ ಓರ್ವಾಲ್‌ನಲ್ಲಿ ಹಾಪ್ಸ್ ಮುಂದೆ ಇರುತ್ತದೆ. ಆರು ತಿಂಗಳು, ವರ್ಷ ಕಳೆದರೆ ಹಾಪ್ಸ್ ಹಿಂದೆ ಸರಿದು ತೊಗಲು, ಒಣಹುಲ್ಲು, ಸ್ವಲ್ಪ ಹುಳಿಹಣ್ಣಿನ ರುಚಿ ಬರುತ್ತದೆ, ಬಿಯರಿನ ಸಿಹಿ ಇನ್ನೂ ಇಳಿಯುತ್ತದೆ. ಮಠದ ಹತ್ತಿರದ ಹೋಟೆಲಿನಲ್ಲಿ ಎಳೆಯದು ಬೇಕೋ ಹಳೆಯದು ಬೇಕೋ ಅಂತ ಕೇಳಿ ಕೊಡುತ್ತಾರೆ. ಹಡಗಿನಲ್ಲಿ ಬಂದ ಆ ಹಳೆಯ ಐಪಿಎ ಹೇಗಿದ್ದಿರಬಹುದು ಅಂತ ತಿಳಿಯುವ ಆಸೆ ಇದ್ದರೆ ನಿಮ್ಮ ಕ್ಯಾನಿಗಿಂತ ಓರ್ವಾಲ್ ಹತ್ತಿರದ ನೆಂಟ. ಬಾರ್ಲಿ ವೈನ್ ಅನ್ನೋ ಗಟ್ಟಿ ಬಿಯರ್ ಕೂಡ ವರ್ಷಗಟ್ಟಲೆ ಇಡಬಹುದು. ಅದರಲ್ಲಿ ಆಲ್ಕೋಹಾಲ್, ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಎರಡೂ ಜಾಸ್ತಿ. ಹಾಪ್ಸಿನ ಘಮ ಹೋದರೂ ಖರ್ಜೂರ, ಒಣದ್ರಾಕ್ಷಿಯ ರುಚಿ ಅದಕ್ಕೆ ಒಪ್ಪುತ್ತದೆ. ಬ್ರಸೆಲ್ಸ್ ಸುತ್ತಮುತ್ತ ಲ್ಯಾಂಬಿಕ್ ಅನ್ನೋ ಹುಳಿ ಬಿಯರ್ ಮಾಡುವವರಂತೂ ಹಾಪ್ಸನ್ನೇ ವರ್ಷಗಟ್ಟಲೆ ಹಳೆಯದಾಗಿಸಿ ಬಳಸುತ್ತಾರೆ. ಅವರಿಗೆ ಕಾಯುವ ಗುಣ ಬೇಕು, ಘಮವೂ ಬೇಡ, ಜಾಸ್ತಿ ಕಹಿಯೂ ಬೇಡ.

ಐಪಿಎ ಮಾಡುವವರು ಈ ವಿಷಯದಲ್ಲಿ ಮುಚ್ಚುಮರೆ ಮಾಡೋದಿಲ್ಲ. ಕ್ಯಾಲಿಫೋರ್ನಿಯಾದ ರಷ್ಯನ್ ರಿವರ್ ಬ್ರೂವರಿ ತನ್ನ ಪ್ಲಿನಿ ದಿ ಎಲ್ಡರ್ ಅನ್ನೋ ಐಪಿಎ ಬಾಟಲಿಯ ಲೇಬಲ್ ಮೇಲೆಯೇ ಇದನ್ನು ಇಡಬೇಡಿ, ಚೀಸ್ ಬೇಕಾದರೆ ಹಳೆಯದಾಗಿಸಿಕೊಳ್ಳಿ ಅನ್ನೋ ಅರ್ಥದ ಮಾತು ಅಚ್ಚು ಹಾಕಿಸಿತು. ನಿಮ್ಮ ಭಾವನ ಊರಿನ ಹತ್ತಿರದ ಸ್ಟೋನ್ ಬ್ರೂವರಿ ಒಂದು ಐಪಿಎಗೆ ಯಾವ ದಿನದೊಳಗೆ ಕುಡಿಯಬೇಕೋ ಆ ದಿನಾಂಕವನ್ನೇ ಹೆಸರಾಗಿ ಇಟ್ಟಿತು. ತುಂಬಿದ ದಿನದಿಂದ 37 ದಿನ.

ಆದರೆ ತೀರಾ ತಾಜಾ ಇದ್ದಷ್ಟೂ ಒಳ್ಳೆಯದು ಅನ್ನೋದನ್ನು ನಾನು ಪೂರ್ತಿ ಒಪ್ಪೋದಿಲ್ಲ. ಹಾಪ್ಸ್ ವಿಪರೀತ ಹಾಕಿದ ಹೇಜಿ ಐಪಿಎ ತುಂಬಿದ ಮೊದಲ ವಾರ ಗಂಟಲಿನಲ್ಲಿ ಚುರುಗುಟ್ಟುತ್ತದೆ. ಹಾಪ್ಸಿನ ಸಣ್ಣ ಕಣಗಳು ಇನ್ನೂ ತೇಲುತ್ತಿರುತ್ತವೆ. ಫ್ರಿಜ್ಜಿನಲ್ಲಿ ಎರಡು ವಾರ ನಿಲ್ಲಿಸಿದರೆ ಅವು ತಳ ಸೇರಿ ಬಿಯರ್ ಹದಕ್ಕೆ ಬರುತ್ತದೆ. ನನ್ನ ಮಟ್ಟಿಗೆ ಎರಡನೇ ವಾರದಿಂದ ಎಂಟನೇ ವಾರದವರೆಗೆ, ಮೊದಲಿಂದ ಕೊನೆವರೆಗೂ ಫ್ರಿಜ್ಜಿನಲ್ಲೇ ಇಟ್ಟಿದ್ದು, ಅದರ ಚೆಂದದ ಕಾಲ.

ಈಗ ನಿಮ್ಮ ಮೂರು ಕ್ಯಾನ್. ಇವತ್ತು ರಾತ್ರಿಯೇ ಫ್ರಿಜ್ಜಿನಲ್ಲಿ ನೆಟ್ಟಗೆ ನಿಲ್ಲಿಸಿ. ಹೋದ ಘಮ ವಾಪಸ್ ಬರೋದಿಲ್ಲ, ಆದರೆ ಇನ್ನಷ್ಟು ಹಾಳಾಗೋದು ನಿಧಾನವಾಗುತ್ತದೆ. ತೆರೆಯುವ ಮುಂಚೆ ಒತ್ತಿ ನೋಡಿ. ತಳ ಅಥವಾ ಮುಚ್ಚಳ ಉಬ್ಬಿದ್ದರೆ ಸಿಂಕಿನ ಮೇಲೆ ಹಿಡಿದು ನಿಧಾನವಾಗಿ ತೆರೆಯಿರಿ. ಹಾಪ್ಸಿನ ಕಿಣ್ವಗಳು ಉಳಿದ ಪಿಷ್ಟದ ತುಣುಕುಗಳನ್ನು ಸಕ್ಕರೆ ಮಾಡಿ, ಸೋಸದೆ ಬಿಟ್ಟ ಈಸ್ಟ್ ಅದನ್ನು ಮತ್ತೆ ಹುದುಗಿಸಿರಬಹುದು. ಆಗ ಸ್ವಲ್ಪ ಬೆಣ್ಣೆ ವಾಸನೆಯೂ ಇರುತ್ತದೆ. ಐಪಿಎ ಅಂತ ನಿರೀಕ್ಷೆ ಇಟ್ಟುಕೊಳ್ಳದೆ, ಸಿಹಿ ಮಾಲ್ಟಿನ ಬಿಯರ್ ಅಂತ ತಿಳಿದು ಖಾರದ ಚಿಕನ್ ಸುಕ್ಕದ ಜೊತೆ ಕುಡಿದರೆ ಪರವಾಗಿಲ್ಲ ಅನ್ನಿಸುತ್ತದೆ.

ಮುಂದಿನ ಸಲ ಭಾವ ಬರುವಾಗ ಅಲ್ಲಿನ ಅಂಗಡಿಯಲ್ಲಿ ಫ್ರಿಜ್ಜಿನಿಂದಲೇ ಕ್ಯಾನ್ ಎತ್ತಿಕೊಳ್ಳಲಿ. ಅದಕ್ಕೂ ಮೊದಲು ತಳವನ್ನು ತಿರುಗಿಸಿ ತುಂಬಿದ ದಿನಾಂಕ ಓದಲಿ. ತಿಂಗಳಿನೊಳಗಿನದಾದರೆ ತರಲಿ. ವಿಮಾನದ ಒಂದೆರಡು ದಿನ ಸೂಟ್‌ಕೇಸಿನಲ್ಲಿ ಇದ್ದರೆ ದೊಡ್ಡ ನಷ್ಟವಿಲ್ಲ, ಮನೆಗೆ ಬಂದ ಕೂಡಲೇ ತಣ್ಣಗೆ ಮಾಡಿ. ಇಲ್ಲೇ ಬೆಂಗಳೂರಿನಲ್ಲೋ ಬೇರೆಲ್ಲೋ ಕೊಳ್ಳುವುದಾದರೂ ಇದೇ ಮಾತು. ಅಂಗಡಿಯವರು ಬಿಸಿಲು ಬೀಳುವ ಶೆಲ್ಫಿನಿಂದ ತೆಗೆದುಕೊಟ್ಟರೆ ಬೇಡ ಅನ್ನಿ, ಫ್ರಿಜ್ಜಿನಲ್ಲಿರೋದನ್ನು ಕೇಳಿ, ತಯಾರಿಕೆಯ ದಿನಾಂಕ ನೋಡಿ. ಮೂರು ತಿಂಗಳು ದಾಟಿದ ಐಪಿಎ ಇದ್ದರೆ ಅವತ್ತಿಗೆ ಬೇರೆ ಬಿಯರ್ ತಗೊಳ್ಳಿ.